ನಂಜನಗೂಡಿನ ಸೊಪ್ಪು

ದೋಹಾದಲ್ಲಿ ಆಗ ಮಧ್ಯಾಹ್ನ ಒಂದು ಗಂಟೆಗೆ ಷಟರ್ ಎಳೆದರೆ ಮತ್ತೆ ತೆಗೆಯುತ್ತಿದ್ದುದು ನಾಲ್ಕಕ್ಕೇ. ಆ ಮೂರು ಗಂಟೆ ಊರಿಗೆ ಊರೇ ಎ.ಸಿ. ಹಾಕಿಕೊಂಡು ಮಲಗಿಬಿಡುತ್ತಿತ್ತು. ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ. ಬೆಕ್ಕುಗಳು ಕೂಡ ಯಾವುದಾದರೂ ಕಾರಿನ ಅಡಿ ಸೇರಿಕೊಂಡಿರುತ್ತಿದ್ದವು. ಈಗ ಅಲ್ಲಿಗೆ ಹೋಗಿಬಂದವರು ಎತ್ತರದ ಗಾಜಿನ ಕಟ್ಟಡಗಳ ಫೋಟೋ ತೋರಿಸಿದರೆ ಚೂಡಾಮಣಿಗೆ ಒಂದರ ಗುರುತೂ ಸಿಗುವುದಿಲ್ಲ. 'ಹೌದಾ, ಚೆನ್ನಾಗಿದೆ' ಎಂದು ಫೋಟೋ ವಾಪಸು ಕೊಡುತ್ತಾಳೆ. ಅವಳ ದೋಹಾ ಆ ಮಧ್ಯಾಹ್ನಗಳದ್ದು. ತನ್ನ ಜೀವನದ ಒಳ್ಳೆಯ ಕೆಲಸವನ್ನು ಅವಳು ಆ ಮೂರು ಗಂಟೆಗಳಲ್ಲೇ ಮಾಡಿದ್ದಳು, ದೊಡ್ಡ ತಪ್ಪನ್ನೂ ಅಲ್ಲೇ ಮಾಡಿದ್ದಳು.

ಅವಳು ಮೈಸೂರಿನವಳು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಫಿಡೆಲಿಸ್ ಸರ್ ಎಂಬ ಖಡಕ್ ಮೇಷ್ಟ್ರ ಕೈಕೆಳಗೆ ಪಿಎಚ್.ಡಿ.ಗೆ ಸೇರಿ ಹನ್ನೊಂದು ತಿಂಗಳಾಗಿತ್ತು. ಅಷ್ಟರಲ್ಲಿ ಕತಾರಿನಲ್ಲಿದ್ದ ಗಿರಿಧರನ ಜಾತಕ ಬಂತು. ಜಾತಕ ಕೂಡಿಬಂದ ಮೇಲೆ ಪಿಎಚ್.ಡಿ. ಯಾರಿಗೆ ಬೇಕು? ಅವಳಿಗೆ ಬೇಕಿತ್ತು. ಆದರೆ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಬಾಯಿಬಿಟ್ಟು ಹೇಳಲಿಲ್ಲ. ಕುವೈತ್ ಯುದ್ಧ ಮುಗಿದ ವರ್ಷ ಮದುವೆಯಾಗಿ, ದೋಹಾದ ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗೆ ಬಂದು ಇಳಿದಳು. ಗಿರಿಧರ್ ಕಟ್ಟಡ ಕಂಪನಿಯೊಂದರ ಆಫೀಸಿಗೆ ಹೋಗುತ್ತಿದ್ದ. ಅವಳಿಗೆ ಡಾಕ್ಟರ್ ಸಲಾಂ ಎಂಬ ಮಲಯಾಳಿ ವೈದ್ಯರ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ರಕ್ತ, ಮೂತ್ರ, ಕಫ. ಸ್ಲೈಡಿಗೆ ಬಣ್ಣ ಹಾಕುವುದು, ರಿಪೋರ್ಟಿಗೆ ಸಹಿ ಹಾಕುವುದು. ಆ ಸಹಿ ಬಿಟ್ಟರೆ ಅವಳ ಹೆಸರು ಇನ್ನೆಲ್ಲೂ ಕಾಣಿಸುತ್ತಿರಲಿಲ್ಲ. ಒಂದು ಸಂಶೋಧನಾ ಲೇಖನದ ತಲೆಯ ಮೇಲೆ ತನ್ನ ಹೆಸರು ಅಚ್ಚಾಗಬೇಕು ಎಂಬ ಆಸೆಯನ್ನು ಅವಳು ಯಾರಿಗೂ ಹೇಳದೆ ಮೂರು ವರ್ಷ ಸಾಕಿಕೊಂಡು ಬಂದಳು.

ತೊಂಬತ್ತನಾಲ್ಕರ ಕೊನೆಯಲ್ಲಿ ಒಂದು ದಿನ ಡಾಕ್ಟರ್ ಸಲಾಂ ಲ್ಯಾಬಿಗೆ ಬಂದು ಒಂದು ಟ್ಯೂಬನ್ನು ಟ್ರೇ ಸಮೇತ ಮೇಜಿನ ಮೇಲಿಟ್ಟರು. ಅಲ್ ಖೋರ್ ಕಡೆಯ ಒಬ್ಬ ಮುದುಕರಿಗೆ ಮೂತ್ರ ಹೋಗಲೆಂದು ಹಾಕಿದ್ದ ಟ್ಯೂಬು ಅದು. ತಿಂಗಳಿಗೊಮ್ಮೆ ಬದಲಾಯಿಸಬೇಕು. ತೆಗೆದಾಗಲೆಲ್ಲ ಒಳಗೆ ದಪ್ಪಗೆ ಲೋಳೆ, ಆಮೇಲೆ ಜ್ವರ, ಆಮೇಲೆ ಮಾತ್ರೆ.

"ಈ ಬ್ಯಾಕ್ಟೀರಿಯಾ ಇಂಥ ಮಾತ್ರೆಗೆ ಸಾಯುತ್ತೆ ಅಂತ ನಿಮ್ಮ ರಿಪೋರ್ಟ್ ಹೇಳುತ್ತೆ ಚೂಡಾಮಣಿ. ನಾನೂ ಅದನ್ನೇ ಕೊಡ್ತೀನಿ. ಟ್ಯೂಬಿನೊಳಗೆ ಮಾತ್ರ ಯಾಕೆ ಸಾಯಲ್ಲ?" ಎಂದು ಕೇಳಿದರು.

ಅವಳಿಗೆ ಉತ್ತರ ಗೊತ್ತಿತ್ತು. ಫಿಡೆಲಿಸ್ ಸರ್ ಪಾಠ ಮಾಡಿದ್ದರು. ಬ್ಯಾಕ್ಟೀರಿಯಾ ಒಂಟಿಯಾಗಿ ತೇಲುತ್ತಿದ್ದರೆ ಮಾತ್ರೆಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಅದೇ ಒಂದು ಗೋಡೆಗೆ ಅಂಟಿ, ಸಂಸಾರ ಹೂಡಿ, ಸುತ್ತ ಲೋಳೆ ಬಳಿದುಕೊಂಡರೆ ಒಳಗಿದ್ದವಕ್ಕೆ ಔಷಧಿ ಮುಟ್ಟುವುದೇ ಕಷ್ಟ. ಆ ಲೋಳೆಯ ಪದರಕ್ಕೆ ಬಯೋಫಿಲ್ಮ್ ಎಂದು ಹೊಸ ಹೆಸರು. ವಸ್ತು ಹೊಸದೇನಲ್ಲ, ನೀರಿನ ಬಿಂದಿಗೆಯನ್ನು ನಾಲ್ಕು ದಿನ ತಿಕ್ಕದಿದ್ದರೆ ಒಳಗೆ ಕೈಗೆ ಜಾರುತ್ತದಲ್ಲ, ಅದೇ ಜಾತಿಯದು. ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ಡಾಕ್ಟರು ಅವಳನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು.

ಆ ಮಧ್ಯಾಹ್ನ ಅವಳು ಮನೆಗೆ ಹೋಗಲಿಲ್ಲ. ಟ್ಯೂಬನ್ನೇ ನೋಡುತ್ತ ಕೂತವಳಿಗೆ ನಂಜನಗೂಡಿನ ಅತ್ತೆ ನೆನಪಾದರು. ಅತ್ತೆ ಎಂದರೆ ಅಪ್ಪನ ಅಕ್ಕ. ಬೇಸಿಗೆ ರಜೆಯಲ್ಲಿ ಅವರ ಮನೆಯಲ್ಲಿ ಬಿದ್ದು ಮಂಡಿ ಕಿತ್ತುಕೊಂಡು, ಅದು ಕೀವಾಗಿ, ಊರ ಡಾಕ್ಟರ ಮುಲಾಮು ಸೋತಾಗ ಅತ್ತೆ ಲಕ್ಕಿ ಸೊಪ್ಪು ಕುದಿಸಿ ತೊಳೆದು ವಾಸಿ ಮಾಡಿದ್ದರು. ಹಿತ್ತಲಿನ ಬೇಲಿಯ ಲಕ್ಕಿ ಗಿಡ, ಹಂಡೆ, ಹಬೆ, ಮೂಗಿಗೆ ಹತ್ತುವ ಆ ಕಟುವಾದ ಹಿತವಾದ ವಾಸನೆ. ಮರಳುಗಾಡಿನ ಊರಿನಲ್ಲಿ ಎ.ಸಿ. ಗಾಳಿ ಕುಡಿಯುತ್ತ ಕೂತವಳಿಗೆ ಆ ವಾಸನೆ ನೆನೆದು ಕಣ್ಣು ತುಂಬಿತು. ಲಕ್ಕಿ ಸೊಪ್ಪು ಈ ಲೋಳೆಯನ್ನು ಏನು ಮಾಡುತ್ತದೆ ನೋಡಬೇಕು ಎಂದು ಅವಳಿಗೆ ಹೊಳೆದದ್ದು ಹಾಗೆ. ವಿಜ್ಞಾನ ಅಲ್ಲ ಅದು, ಅರ್ಧಕ್ಕರ್ಧ ಊರಿನ ನೆನಪು.

ಈಗ ಸೊಪ್ಪು ಬರಬೇಕಲ್ಲ. ಗಲ್ಫಿನಲ್ಲಿದ್ದವರಿಗೆ ಊರಿನಿಂದ ಏನು ಬರಬೇಕಾದರೂ ಇದ್ದ ದಾರಿ ಒಂದೇ: ರಜೆಗೆ ಹೋಗಿಬರುವವರ ಕೈಯಲ್ಲಿ ಪಾರ್ಸೆಲ್. ಯಾರಾದರೂ ಹೊರಟಿದ್ದಾರೆ ಎಂದರೆ ಸಾಕು, ಆ ವಾರವೆಲ್ಲ ಅವರ ಮನೆಯ ಬಾಗಿಲಿಗೆ ಜನ. ಹೋಗುವಾಗ ಸೆಂಟು, ಟಾರ್ಚು, ಮಾತು ತುಂಬಿದ ಕ್ಯಾಸೆಟ್ಟು. ಬರುವಾಗ ಉಪ್ಪಿನಕಾಯಿ, ಹಪ್ಪಳ, ಕೊಬ್ಬರಿ ಎಣ್ಣೆ. ಸ್ವಂತ ಸಾಮಾನನ್ನು ಮನೆಯಲ್ಲೇ ಬಿಟ್ಟು ಇನ್ನೊಬ್ಬರ ಹಪ್ಪಳ ಹೊತ್ತು ಬಂದವರಿದ್ದಾರೆ. ಕೈಗೆ ಕೊಟ್ಟ ಪಾರ್ಸೆಲ್ ಮುಟ್ಟಿಸದವನಿಗೆ ಮಾತ್ರ ಆ ಊರಲ್ಲಿ ಮುಖ ಇರುತ್ತಿರಲಿಲ್ಲ.

ಈ ವಿಷಯದಲ್ಲಿ ಅಣ್ಣುವಿನ ಹೆಸರು ದೊಡ್ಡದು. ಕ್ಲಿನಿಕ್ಕಿನ ವ್ಯಾನ್ ಓಡಿಸುತ್ತಿದ್ದ ಅಣ್ಣು ಕಾಪುವಿನವರು, ನಲವತ್ತೈದು ದಾಟಿದವರು. ಹದಿನಾಲ್ಕು ವರ್ಷದಲ್ಲಿ ಕನ್ನಡಕ ತಂದಿದ್ದರು, ತಾಳಿಸರ ತಂದಿದ್ದರು, ಯಾರದೋ ಅಪ್ಪನ ಹಲ್ಲಿನ ಸೆಟ್ಟನ್ನು ಊರಿಗೆ ಮುಟ್ಟಿಸಿದ್ದರು. 'ಅಣ್ಣು ಕೈಲಿ ಕೊಟ್ಟಿದ್ದೀಯಾ? ಹಾಗಾದರೆ ಮುಟ್ಟಿತು ಬಿಡು' ಎನ್ನುತ್ತಿದ್ದರು ಜನ. ಜನವರಿಯಲ್ಲಿ ಅವರು ರಜೆಗೆ ಹೊರಟಾಗ ಚೂಡಾಮಣಿ ಕೇಳಿದಳು.

"ನಂಜನಗೂಡಿಂದ ನಮ್ಮತ್ತೆ ಮಂಗಳೂರು ಬಸ್ಸಿಗೆ ಹಾಕ್ತಾರೆ ಅಣ್ಣು ಅವ್ರೆ. ಒಂದು ಚೀಲ, ಅಷ್ಟೆ. ಮದ್ದಿನ ಸೊಪ್ಪಿನ ಪುಡಿ."

"ಅದಕ್ಕೆಂತ ಮೇಡಂ, ಕಾಪುವಿನಿಂದ ಮಂಗಳೂರು ಎಷ್ಟು ದೂರ ಉಂಟು? ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ತಕ್ಕೊಳ್ತೇನೆ," ಎಂದರು ಅಣ್ಣು.

ಫೆಬ್ರವರಿಯ ಎರಡನೇ ವಾರ ಚೀಲ ಬಂತು. ಅತ್ತೆಯ ಹಳೆಯ ಸೀರೆಯ ಅಂಚು ಕತ್ತರಿಸಿ ಕೈಯಲ್ಲೇ ಹೊಲಿದ ಚೀಲ, ಮೇಲೆ ಕೆಂಪು ನೂಲಿನಲ್ಲಿ ಚೂಡಾಮಣಿ ಎಂದು ಹೆಸರು. ಒಳಗೆ ಹಸಿರು ಪುಡಿ. ಅವಳು ಚೀಲವನ್ನು ಮುಖಕ್ಕೆ ಒತ್ತಿಕೊಂಡಳು. ಅದೇ ವಾಸನೆ. ಲ್ಯಾಬಿನಲ್ಲಿ ಯಾರೂ ಇಲ್ಲದ್ದರಿಂದ ಚೆನ್ನಾಗಿ ಅತ್ತಳು.

ಕೆಲಸ ಶುರುವಾಯಿತು. ಡಾಕ್ಟರ್ ಸಲಾಂ ಅವರದು ಒಂದೇ ಷರತ್ತು: ರೋಗಿಗಳ ಹತ್ತಿರ ಇದರ ಮಾತೇ ಎತ್ತಕೂಡದು. ಅವಳೂ ಹಾಗೇ ಅಂದುಕೊಂಡಿದ್ದಳು. ಗಾಜಿನ ಟ್ಯೂಬಿನಲ್ಲಿ ಆದದ್ದು ಮನುಷ್ಯರ ಮೈಯಲ್ಲೂ ಆಗುತ್ತದೆಂದು ನಂಬುವವಳು ಅವಳಲ್ಲ. ಆ ಮುದುಕರ ಟ್ಯೂಬಿನ ಬ್ಯಾಕ್ಟೀರಿಯಾ ಬೆಳೆಸಿ, ಸಾರಿನಂಥ ದ್ರವ ತುಂಬಿದ ಸಣ್ಣ ಗಾಜಿನ ಟ್ಯೂಬುಗಳಿಗೆ ಬಿಡುವುದು. ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಸೊಪ್ಪು ಕುದಿಸಿ ಸೋಸಿದ ಕಷಾಯ. ಒಂದು ದಿನ ಬೆಚ್ಚಗಿಟ್ಟು, ಚೆಲ್ಲಿ, ಮೆಲ್ಲಗೆ ತೊಳೆದು, ನೇರಳೆ ಬಣ್ಣ ಹಾಕಿ ಮತ್ತೆ ತೊಳೆದರೆ ಲೋಳೆ ಅಂಟಿದಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ನೀರಿನ ಟ್ಯೂಬುಗಳ ಒಳಗೋಡೆಗೆ ಒಂದೊಂದು ನೇರಳೆ ಬಳೆ ತೊಡಿಸಿದ ಹಾಗಿತ್ತು. ಕಷಾಯದ ಟ್ಯೂಬುಗಳನ್ನು ಬೆಳಕಿಗೆ ಹಿಡಿದಳು. ಬಳೆ ಇರಲಿಲ್ಲ. ಗಾಜು ಬೋಳಾಗಿತ್ತು.

ಹೇಳಿಕೊಳ್ಳಲು ಒಬ್ಬರೂ ಇಲ್ಲ. ಕ್ಲಿನಿಕ್ಕಿನ ಆಯಾ ಝೈನಬ, ಉಳ್ಳಾಲದ ಬ್ಯಾರಿ ಹೆಂಗಸು, ಹೊರಗಿನ ಬೆಂಚಿನಲ್ಲಿ ನಿದ್ದೆ ಹೋಗಿದ್ದಳು. ಅವಳನ್ನೇ ಅಲುಗಿಸಿ ಎಬ್ಬಿಸಿ ತೋರಿಸಿದಳು. "ಎಂತ ಮೇಡಂ, ಇದರಲ್ಲಿ ಏನೂ ಇಲ್ಲವಲ್ಲ?" ಎಂದಳು ಝೈನಬ. "ಅದೇ ಝೈನಬ, ಏನೂ ಇಲ್ಲ!" ಎಂದು ಚೂಡಾಮಣಿ ಕುಣಿದಳು. ಕಷಾಯ ಅಲುಗಿಸಿದಾಗ ಒಂದಿಷ್ಟು ನೊರೆ ಬರುತ್ತಿತ್ತು. ಕುದಿಸಿದ್ದು ಹೆಚ್ಚಾಯಿತೇನೋ ಎಂದುಕೊಂಡು ಅವಳು ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಮೇ ತಿಂಗಳಲ್ಲಿ ಫಿಡೆಲಿಸ್ ಸರ್‌ಗೆ ಹನ್ನೆರಡು ಪುಟದ ಪತ್ರ ಹೋಯಿತು. ಅತ್ತೆ ಲಕ್ಕಿ ಸೊಪ್ಪಿನಿಂದಲೇ ಕೀವಿನ ಗಾಯ ವಾಸಿ ಮಾಡುತ್ತಿದ್ದರೆಂದು ಮೊದಲ ಪುಟದಲ್ಲೇ ಬರೆದಿದ್ದಳು. ಜುಲೈಯಲ್ಲಿ ಉತ್ತರ ಬಂತು, ಟೈಪು ಮಾಡಿದ ಆರೇ ಸಾಲು. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಒಂದು ಸಮ್ಮೇಳನವಿದೆ. ಇದರ ಸಾರಾಂಶ ಕಳಿಸಿದ್ದೇನೆ, ಒಪ್ಪಿದ್ದಾರೆ, ನಿನ್ನ ಹೆಸರು ಮೊದಲು ಬರುತ್ತದೆ. ನಾನು ಮಾರ್ಚಿಗೆ ನಿವೃತ್ತ. ಹೊಸ ಸೊಪ್ಪು ತರಿಸಿ ಮೂರು ಸಲ ಇದೇ ಫಲಿತಾಂಶ ತೋರಿಸಿದರೆ, ಹೋಗುವ ಮುಂಚೆ ನಿನ್ನನ್ನು ಮತ್ತೆ ಪಿಎಚ್.ಡಿ.ಗೆ ನೋಂದಾಯಿಸುತ್ತೇನೆ. ಪತ್ರವನ್ನು ಅವಳು ಎಷ್ಟು ಸಲ ಓದಿದಳೆಂದರೆ ಮಡಿಕೆಯಲ್ಲಿ ಹರಿದು ಎರಡಾಯಿತು.

ಸೆಪ್ಟೆಂಬರಿನಲ್ಲಿ ಗಿರಿಧರನ ಆಫೀಸಿನ ವಿನಯ್ ಊರಿನಿಂದ ಎರಡನೇ ಚೀಲ ತಂದ. ಪುಡಿ ಈ ಸಲ ಸ್ವಲ್ಪ ಕಂದು. ಅದೇ ಟ್ಯೂಬು, ಅದೇ ಬ್ಯಾಕ್ಟೀರಿಯಾ, ಅದೇ ಮಧ್ಯಾಹ್ನ. ಮರುದಿನ ನೋಡಿದರೆ ಎಲ್ಲ ಟ್ಯೂಬಿನಲ್ಲೂ ನೇರಳೆ ಬಳೆ.

ಸೊಪ್ಪು ಬಲಿತದ್ದಿರಬೇಕು ಎಂದುಕೊಂಡಳು. ಇನ್ನೊಂದು ಸಲ ಮಾಡಿದಳು. ನೀರು ಬದಲಾಯಿಸಿದಳು, ಕುದಿಸುವುದನ್ನು ಕಡಿಮೆ ಮಾಡಿದಳು, ಜಾಸ್ತಿ ಮಾಡಿದಳು. ಐದು ವಾರ ಹೀಗೇ ಹೋಯಿತು. ಬಳೆ ಸ್ವಲ್ಪ ತೆಳುವಾಯಿತೇ ಹೊರತು ಹೋಗಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದೂ ಅವಳಿಗೆ ನೆನಪಿರುತ್ತಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ, ಹಳೆಯ ಚೀಲದ ತಳದಲ್ಲಿ ಉಳಿದಿದ್ದ ನಾಲ್ಕು ಚಮಚ ಪುಡಿಯನ್ನು ತೆಗೆದು ಕುದಿಸಿದಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಿತ್ತು. ಕಷಾಯ ತಣ್ಣಗಾದ ಮೇಲೆ ಬಾಟಲಿ ಅಲುಗಿಸಿದಳು. ಹಳೆಯದರಲ್ಲಿ ಕತ್ತಿನವರೆಗೆ ನೊರೆ ಬಂತು. ಹೊಸದರಲ್ಲಿ ಇಲ್ಲ. ನೆಲ ಒರೆಸುತ್ತಿದ್ದ ಝೈನಬ ನೆಟ್ಟಗೆ ನಿಂತು ಮೂಗು ಅರಳಿಸಿದಳು.

"ಇದು ಸಿದ್ರ್ ಅಲ್ವಾ ಮೇಡಂ? ಸಿದ್ರ್ ಮರದ ಸೊಪ್ಪು. ನಮ್ಮಲ್ಲಿ ಯಾರಾದ್ರೂ ತೀರಿಕೊಂಡ್ರೆ ಮಯ್ಯತ್ ಮೀಯಿಸುವ ನೀರಿಗೆ ಇದೇ ಹಾಕುವುದು. ಅರಬಿ ಹೆಂಗಸರು ತಲೆಗೂ ಹಾಕ್ತಾರೆ, ಸಾಬೂನಿನ ಹಾಗೆ ನೊರೆ ಬರ್ತದೆ."

"ಇಲ್ಲ ಝೈನಬ, ಇದು ನಮ್ಮೂರಿನ ಸೊಪ್ಪು. ಅಣ್ಣು ತಂದಿದ್ದು."

"ನಿಮ್ಮೂರಿನಲ್ಲಿ ಸಿದ್ರ್ ಉಂಟಾ?" ಎಂದಳು ಝೈನಬ, ಪಾಪ, ಏನೂ ಅರಿಯದೆ.

ಚೂಡಾಮಣಿ ಪುಡಿಯನ್ನು ಕಾಗದದ ಮೇಲೆ ಸುರಿದು ಮೂಸಿದಳು. ಚೀಲವನ್ನು ಬಿಟ್ಟು ಬರೀ ಪುಡಿಯನ್ನು ಮೂಸಿದ್ದು ಅದೇ ಮೊದಲು. ಲಕ್ಕಿಯ ವಾಸನೆ ಇರಲೇ ಇಲ್ಲ. ವಾಸನೆ ಇದ್ದದ್ದು ಚೀಲದ ಬಟ್ಟೆಯಲ್ಲಿ.

ಆ ಸಂಜೆ ವ್ಯಾನಿನಲ್ಲಿ ಉಳಿದವರೆಲ್ಲ ಇಳಿದ ಮೇಲೆ ಅವಳು ಕೇಳಿದಳು. "ಅಣ್ಣು ಅವ್ರೆ, ಫೆಬ್ರವರಿಯಲ್ಲಿ ನೀವು ತಂದ ಚೀಲದಲ್ಲಿ ಏನಿತ್ತು?"

ಅಣ್ಣು ವ್ಯಾನನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದರು. 

"ತಪ್ಪಾಯಿತು ಮೇಡಂ," ಎಂದರು. "ಬೊಂಬಾಯಿ ಏರ್‌ಪೋರ್ಟಿನಲ್ಲಿ ಲೈನಿನಲ್ಲಿ ನಿಂತಿದ್ದೆ. ಹಿಂದಿನವ ಒಬ್ಬ ಹೇಳಿದ, ಕುಂದಾಪುರದ ಯಾರೋ ಗಸಗಸೆ ತಕ್ಕೊಂಡು ಹೋಗಿ ಗಲ್ಫಿನಲ್ಲಿ ಕಸ್ಟಮ್ಸ್‌ನವರು ಹಿಡಿದು ಒಳಗೆ ಹಾಕಿದ್ದಾರೆ ಅಂತ. ಅಲ್ಲಿ ಗಸಗಸೆಯೂ ಅಫೀಮಿನ ಲೆಕ್ಕವಂತೆ. ಗಸಗಸೆಗೇ ಹಾಗೆ ಆದ್ರೆ ಹಸಿರು ಪುಡಿಗೆ ಎಂತ ಮಾಡ್ಲಿಕ್ಕಿಲ್ಲ? ಬಾತ್‌ರೂಮಿಗೆ ಹೋಗಿ ಪೂರಾ ಕಸದ ಡಬ್ಬಕ್ಕೆ ಸುರಿದೆ. ಚೀಲ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆ ಅಮ್ಮ ನಿಮ್ಮ ಹೆಸರು ಹೊಲಿದಿದ್ದಾರಲ್ಲ."

"ಬಂದು ಹೇಳಬಹುದಿತ್ತಲ್ಲ?"

"ಹೇಗೆ ಹೇಳುವುದು ಮೇಡಂ? ಹದಿನಾಲ್ಕು ವರ್ಷದಲ್ಲಿ ಒಬ್ಬರ ಉಪ್ಪಿನಕಾಯಿ ಒಂದು ಹೋಳು ಕಮ್ಮಿ ಮಾಡಿದವ ಅಲ್ಲ ನಾನು. ಬರಿಗೈಯಲ್ಲಿ ನಿಮ್ಮ ಮುಂದೆ ನಿಲ್ಲುವುದು ಹೇಗೆ? ಇಲ್ಲಿ ನಮ್ಮ ರೂಮಿನ ಹಿಂದೆ ಒಂದು ಮರ ಉಂಟು. ಪಕ್ಕದ ರೂಮಿನ ಸುಡಾನಿ ಹೇಳಿದ, ತಲೆಗೆ ಹಚ್ಚಿಕೊಳ್ಳಲಿಕ್ಕೆ ಒಳ್ಳೇದು, ಏನೂ ಹಾನಿ ಇಲ್ಲ ಅಂತ. ನೀವೂ ತಲೆಗೇ ತರಿಸಿದ್ದು ಅಂದ್ಕೊಂಡೆ. ಟೆರೇಸಿನಲ್ಲಿ ಒಣಗಿಸಿ, ಪುಡಿ ಮಾಡಿ, ಅದೇ ಚೀಲಕ್ಕೆ ತುಂಬಿಸಿದೆ. ಹಾನಿ ಇಲ್ಲ ಅಂತ ಕೇಳಿಯೇ ಹಾಕಿದ್ದು ಮೇಡಂ, ದೇವರಾಣೆ."

ಅವಳಿಗೆ ಕೆಂಡದಂಥ ಕೋಪ ಬಂತು. "ನನ್ನ ಎಂಟು ತಿಂಗಳು ಮಣ್ಣು ಮಾಡಿಬಿಟ್ರಲ್ಲ ಅಣ್ಣು! ನಿಮ್ಮ ಮರ್ಯಾದೆ ಉಳಿಸಿಕೊಳ್ಳೋಕೆ ನನ್ನ ಬದುಕೇ ಸಿಕ್ತಾ?" ಎಂದು ಕಿರುಚಿ, ಅಲ್ಲೇ ಇಳಿದು, ಮನೆಯವರೆಗೆ ನಡೆದೇ ಹೋದಳು. ವ್ಯಾನು ದೂರದಿಂದ ಮೆಲ್ಲಗೆ ಹಿಂಬಾಲಿಸಿ ಬಂದು, ಅವಳು ಗೇಟು ದಾಟಿದ ಮೇಲೆ ತಿರುಗಿತು. ಅದು ಅವಳಿಗೆ ಗೊತ್ತಾಗಿಯೂ ತಿರುಗಿ ನೋಡಲಿಲ್ಲ. ಆಮೇಲೆ ಒಂದು ವಾರ ಅಣ್ಣುವಿನ ಜೊತೆ ಮಾತಿಲ್ಲ. ಅಷ್ಟರಲ್ಲಿ ಅಣ್ಣು ಇನ್ನು ಯಾರ ಪಾರ್ಸೆಲ್ಲನ್ನೂ ಮುಟ್ಟುವುದಿಲ್ಲ ಎಂದರೆಂಬ ಸುದ್ದಿ ಊರಲ್ಲಿ ಹಬ್ಬಿತು. ಕಾರಣ ಯಾರಿಗೂ ಗೊತ್ತಿರಲಿಲ್ಲ.

ಗಿರಿಧರ್ ಕೆಟ್ಟವನಲ್ಲ, ಆಫೀಸಿನವನು. ಎಲ್ಲ ಕೇಳಿಸಿಕೊಂಡು ಯೋಚಿಸಿ ಹೇಳಿದ. "ನೋಡು ಚೂಡಿ, ಮೊದಲನೇ ಸಲ ಬಂದಿರೋ ಫಲಿತಾಂಶ ಸುಳ್ಳಲ್ಲವಲ್ಲ? ಅದನ್ನೇ ಮೂರು ಸಲ ಬಂತು ಅಂತ ಬರೆದು ಕಳಿಸು. ಕತಾರಿಗೆ ಬಂದು ಯಾರು ನೋಡ್ತಾರೆ? ನಿನ್ನ ಹೆಸರು ಬರಲಿ, ನೋಂದಣಿ ಆಗಲಿ. ಆಮೇಲೆ ನಿಧಾನಕ್ಕೆ ಸರಿ ಮಾಡ್ಕೊ."

"ಗಿಡವೇ ಬೇರೆ ಕಣ್ರೀ."

"ಸೊಪ್ಪು ಸೊಪ್ಪೇ ತಾನೆ?"

ಬೈದುಬಿಡಬೇಕಿತ್ತು, ಬೈಯಲಿಲ್ಲ. ಏಕೆಂದರೆ ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು. ಕಾಗದ ತೆಗೆದು 'ಮೂರು ಸಲವೂ' ಎಂದು ಬರೆದೂ ಬರೆದಳು. ಡಿಸೆಂಬರಿನಲ್ಲಿ ಅಚ್ಚಾಗಲಿರುವ ಸಮ್ಮೇಳನದ ಪುಸ್ತಕ, ಅದರಲ್ಲಿ ತನ್ನ ಹೆಸರು, ಸಭೆಯಲ್ಲಿ ಅದನ್ನು ಓದುವ ಹಳೆಯ ಸಹಪಾಠಿಗಳು, ಎಲ್ಲವೂ ಕೈಗೆಟುಕುವಷ್ಟು ಹತ್ತಿರ ಇತ್ತು. ಆದರೆ ವಾಕ್ಯ ಮುಗಿಸುವ ಮುಂಚೆ ಅತ್ತೆಯನ್ನು ಒಂದು ಮಾತು ಕೇಳಬೇಕೆನ್ನಿಸಿತು. ಸೊಪ್ಪು ಎಳೆಯದೋ ಬಲಿತದ್ದೋ, ಹಸಿಯೋ ಒಣಗಿದ್ದೋ, ಹೇಗೆ ಹಾಕುತ್ತಿದ್ದಿರಿ ಎಂದು. ಹಾಗೆ ನೋಡಿದರೆ ಅವಳು ಇದನ್ನು ಅತ್ತೆಯಿಂದ ಒಂದು ಸಲವೂ ಕೇಳಿ ತಿಳಿದುಕೊಂಡಿರಲಿಲ್ಲ. ಕಳಿಸಿ ಎಂದಿದ್ದಳು, ಅವರು ಕಳಿಸಿದ್ದರು.

ಶುಕ್ರವಾರ ಬೆಳಿಗ್ಗೆ ಫೋನ್ ಬೂತಿನ ಮುಂದೆ ಯಾವಾಗಲೂ ಇರುವಂತೆ ಸಾಲು. ಕಾರ್ಡು ಹಾಕಿ ನಂಜನಗೂಡಿನ ಪಿ.ಪಿ. ನಂಬರಿಗೆ ಮಾಡಿದರೆ ಪಕ್ಕದ ಮನೆಯವರು ಎತ್ತಿ, "ಇರಿ, ಕರೀತೀವಿ" ಎಂದರು. ಅತ್ತೆ ಓಡಿಬಂದು ಏದುಸಿರು ಬಿಡುವುದು ಕಾರ್ಡಿನ ಲೆಕ್ಕಕ್ಕೇ ಸೇರಿತು.

"ಲಕ್ಕಿ ಸೊಪ್ಪು ನೋವಿಗೆ ಕಣೆ, ಊತಕ್ಕೆ," ಎಂದರು ಅತ್ತೆ. "ಕೀವಿಗೆ ಲಕ್ಕಿ ಅಂತ ಯಾರೇ ಹೇಳಿದ್ದು ನಿಂಗೆ?"

"ನನ್ನ ಮಂಡಿ ಗಾಯ ಅದ್ರಿಂದಲೇ ಹೋಗಿದ್ದು ಅಲ್ವಾ ಅತ್ತೆ?"

"ಅಯ್ಯೋ ನಿನ್ನ! ಅಂಟುವಾಳದ ಕಾಯಿ ನೆನೆಹಾಕಿ, ನೊರೆ ಬರಿಸಿ, ಅರ್ಧರ್ಧ ಗಂಟೆ ಉಜ್ಜಿದ್ದೀನಿ. ಒಂಬತ್ತು ದಿನ. ಮೇಲಿನ ಲೋಳೆ ಎಲ್ಲ ಎದ್ದುಹೋಗಿ ಕೆಂಪಗೆ ರಕ್ತ ಕಾಣಬೇಕು, ಅಲ್ಲೀವರೆಗೆ ಉಜ್ಜೋದೇ. ನೀನು ಬೀದಿಗೆಲ್ಲ ಕೇಳೋ ಹಾಗೆ ಅರಚ್ತಿದ್ದೆ. ನಿಮ್ಮಪ್ಪ ಕಾಲು ಹಿಡ್ಕೊಂಡು ಕೂತು ಅತ್ತುಬಿಟ್ಟಿದ್ದ. ಲಕ್ಕಿ ನೀರು ಆಮೇಲೆ, ಉರಿ ಕಮ್ಮಿ ಆಗ್ಲಿ ಅಂತ. ಅದೆಲ್ಲ ಮರೆತೇ ಹೋಯ್ತಾ ನಿಂಗೆ?"

ಮರೆತೇ ಹೋಗಿತ್ತು. ಬೂತಿನ ಹೊರಗೆ ನಿಂತವರು ಗಾಜು ಕುಟ್ಟಿ "ಯಲ್ಲಾ, ಯಲ್ಲಾ" ಎಂದು ಅವಸರಿಸುವವರೆಗೆ ಅವಳು ರಿಸೀವರ್ ಹಿಡಿದುಕೊಂಡೇ ಇದ್ದಳು. ಅವಳು ಊರು ಬಿಟ್ಟು ಆಗಿದ್ದು ನಾಲ್ಕೇ ವರ್ಷ. ಅಷ್ಟಕ್ಕೇ ನೆನಪು ತನಗೆ ಹಿತವಾದದ್ದನ್ನು ಮಾತ್ರ ಇಟ್ಟುಕೊಂಡು ಅರಚಾಟವನ್ನೂ ನೊರೆಯನ್ನೂ ಬಿಸಾಡಿಬಿಟ್ಟಿತ್ತು. ಅಣ್ಣು ಬೊಂಬಾಯಿಯಲ್ಲಿ ಸುರಿದದ್ದು ಒಂದು ಚೀಲ ಸೊಪ್ಪು. ತಾನು ಅತ್ತೆಯ ಬಾಯಲ್ಲಿ ಅವರು ಆಡದ ಮಾತನ್ನೇ ತುಂಬಿ ಮೈಸೂರಿಗೆ ಕಳಿಸಿದ್ದಳು. ಇದು ತಿಳಿದಾಗ ಅವಳಿಗೆ ಅಣ್ಣುವಿನ ಮೇಲಿದ್ದ ಕೋಪ ಹೇಳದೆ ಕೇಳದೆ ಇಳಿದುಹೋಯಿತು, ಉಳಿದದ್ದು ಬರೀ ನಾಚಿಕೆ.

ಆ ಮಧ್ಯಾಹ್ನವೇ ಪತ್ರ ಬರೆದಳು. ಲಕ್ಕಿಯಲ್ಲ, ಸಿದ್ರ್. ಊರಿನದಲ್ಲ, ದೋಹಾದ್ದು. ಅತ್ತೆ ಹೇಳಿದ್ದಲ್ಲ, ನಾನು ಅಂದುಕೊಂಡದ್ದು. ನೊರೆ ಕಂಡರೂ ಬರೆದಿಡಲಿಲ್ಲ. ಲೋಳೆ ಬಿಡಿಸಿದ್ದು ಸೊಪ್ಪಿನ ಔಷಧಿ ಗುಣವೋ ಬರೀ ನೊರೆಯೋ ನನಗೆ ಗೊತ್ತಿಲ್ಲ. ಸಾರಾಂಶವನ್ನು ದಯವಿಟ್ಟು ವಾಪಸು ಪಡೆಯಿರಿ. ಹನ್ನೆರಡು ಪುಟಕ್ಕೆ ಈ ಸಲ ಒಂದೇ ಪುಟ ಸಾಕಾಯಿತು. ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ಡಬ್ಬದ ಬಾಯೊಳಗೆ ಕೈ ತೂರಿಸಿ ನೋಡಿದಳು, ಎಟುಕಲಿಲ್ಲ.

ಫಿಡೆಲಿಸ್ ಸರ್ ಉತ್ತರ ಮೂರು ವಾರಕ್ಕೆ ಬಂತು. 'ವಾಪಸು ಪಡೆದಿದ್ದೇನೆ. ಈ ವರ್ಷ ನೋಂದಣಿ ಆಗದು, ಮುಂದಿನದನ್ನು ನಾನು ಹೇಳಲಾರೆ. ಗಿಡದ ಮಾದರಿ ಕೇಳದೆ ಸಾರಾಂಶ ಕಳಿಸಿದ್ದು ನನ್ನ ತಪ್ಪು, ಅದಕ್ಕೆ ನೀನು ಅಳಬೇಕಾಗಿಲ್ಲ. ನೊರೆಯನ್ನು ಬೇರೆ ಮಾಡಿ ನೋಡು. ಅದಕ್ಕೂ ಮುಂಚೆ ಆ ಮರದ ಒಂದು ರೆಂಬೆಯನ್ನು ಕ್ರಮವಾಗಿ ಒಣಗಿಸಿ, ಚೀಟಿ ಬರೆದು ಕಳಿಸು. ಚೀಟಿಯಿಲ್ಲದ ಸೊಪ್ಪನ್ನು ದನ ತಿನ್ನುತ್ತದೆ.' ಅವಳು ಓದಿ ಅತ್ತಳು, ಕೊನೆಯ ಸಾಲಿಗೆ ಬಂದಾಗ ನಕ್ಕಳು.

ಡಿಸೆಂಬರ್ ಮೊದಲ ಶುಕ್ರವಾರ. ಮೈಸೂರಿನಲ್ಲಿ ಸಮ್ಮೇಳನ ಶುರುವಾಗಲು ಇನ್ನೊಂದೇ ವಾರ ಇತ್ತು. ಅವಳು ಹಳೆಯ ಪೇಪರುಗಳ ಕಟ್ಟು, ಕತ್ತರಿ, ಎರಡು ರಟ್ಟು ಹಿಡಿದು ಅಣ್ಣುವಿನ ರೂಮಿಗೆ ಹೋದಳು. ಏಳು ಜನ ಇದ್ದ ಹಳೆಯ ವಿಲ್ಲಾ. ಹಿಂದುಗಡೆ ಗೋಡೆಗೆ ಒರಗಿಕೊಂಡು ಆ ಮರ ನಿಂತಿತ್ತು: ಮುಳ್ಳು, ಸಣ್ಣ ಹಸಿರೆಲೆ, ಅಲ್ಲಲ್ಲಿ ಬೋರೆಯಂಥ ಕಾಯಿ. ಅಣ್ಣು ಬನಿಯನ್ ಮೇಲೆ ಅಂಗಿ ಏರಿಸಿಕೊಳ್ಳುತ್ತ ಹೊರಗೆ ಬಂದು, ಅವಳನ್ನು ಕಂಡು ಅಲ್ಲೇ ನಿಂತರು.

"ರೆಂಬೆ ಬಗ್ಗಿಸಿ ಹಿಡ್ಕೊಳ್ತೀರಾ ಅಣ್ಣು ಅವ್ರೆ?" ಎಂದಳು. "ಕಾಯಿ ಇರೋದೇ ಬೇಕು."

ಅಣ್ಣು ಬಗ್ಗಿಸಿ ಹಿಡಿದರು. ಮುಳ್ಳು ತಾಗಿ ರಕ್ತ ಬಂದರೂ ಬಿಡಲಿಲ್ಲ. ಅವಳು ಕತ್ತರಿಸಿ, ಎಲೆಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಪೇಪರಿನ ಮೇಲೆ ಹರಡಿ, ರಟ್ಟಿನ ನಡುವೆ ಇಟ್ಟು ದಾರ ಬಿಗಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಚೀಟಿ ತೆಗೆದಳು. ಗಿಡದ ಹೆಸರು, ಸ್ಥಳೀಯ ಹೆಸರು, ಜಾಗ, ತಾರೀಕು. ಕೊನೆಯ ಸಾಲು, ಸಂಗ್ರಹಿಸಿದವರು. ಪೆನ್ನು ಅಲ್ಲಿ ಒಂದು ಗಳಿಗೆ ನಿಂತಿತು. ಇಷ್ಟು ವರ್ಷ ಎಲ್ಲಾದರೂ ಬರಬೇಕೆಂದು ಕಾದಿದ್ದ ಹೆಸರಿಗೆ ಇಲ್ಲಿ ಜಾಗ ಇತ್ತು.

"ಅಣ್ಣು ಅವ್ರೆ, ನಿಮ್ಮ ಪೂರ್ತಿ ಹೆಸರು ಏನು?"

"ಅಣ್ಣು ಕೋಟ್ಯಾನ್. ಯಾಕೆ ಮೇಡಂ?"

"ಚೀಟಿಯಲ್ಲಿ ಬರೀಬೇಕು. ಮೈಸೂರಿಗೆ ಹೋಗುತ್ತೆ. ಅಲ್ಲಿ ಕಪಾಟಿನಲ್ಲಿ ಗಿಡಗಳ ಜೊತೆ ಇಡ್ತಾರೆ. ನಾವೆಲ್ಲ ಹೋದ ಮೇಲೂ ಇರುತ್ತೆ."

ಅಣ್ಣುವಿನ ಮುಖ ಬಿಳಿಚಿಕೊಂಡಿತು. "ನನ್ನ ಹೆಸರು ಬೇಡ ಮೇಡಂ," ಎಂದರು. "ನಾನು ಮಾಡಿದ್ದು ಇಲ್ಲಿ ನಿಮಗೊಬ್ಬರಿಗೆ ಗೊತ್ತಿದ್ದದ್ದು ಸಾಕು. ಎಂತ ಅಂತ ಬರೀತೀರಿ? ಸೊಪ್ಪು ಬಿಸಾಡಿದವ ಅಂತವಾ?"

"ಅಲ್ಲ," ಎಂದಳು ಚೂಡಾಮಣಿ, ಬರೆದು ಮುಗಿಸಿ ಚೀಟಿಯನ್ನು ಅವರ ಕಡೆ ತಿರುಗಿಸಿದಳು. "ಸೊಪ್ಪು ತಂದುಕೊಟ್ಟವರು ಅಂತ."

ಅಣ್ಣು ಚೀಟಿಯನ್ನು ಮುಟ್ಟಲಿಲ್ಲ. ಬಾಗಿ, ತುಟಿ ಅಲುಗಿಸುತ್ತ ತಮ್ಮ ಹೆಸರನ್ನು ಎರಡು ಸಲ ಓದಿಕೊಂಡರು. ಆಮೇಲೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಚಹಾ ಮಾಡಿ ತರುತ್ತೇನೆಂದು ಒಳಗೆ ಹೋದರು.